ಮೆಣಸಿನಕಾಯಿಯ ಸರದಿ

ಫೆಬ್ರವರಿ 10, ಸೋಮವಾರ

ಬಸ್ಸು ಊರೊಳಗೆ ಬರುವುದಿಲ್ಲ ಎಂಬುದನ್ನು ಮರೆತೇಬಿಟ್ಟಿದ್ದೆ. ಕೂಡುರಸ್ತೆಯಲ್ಲಿ ನನ್ನನ್ನು ಇಳಿಸಿ, ಮುಖಕ್ಕಿಷ್ಟು ಧೂಳು ಎರಚಿ ಹೊರಟುಹೋಯಿತು. ಸೂಟ್‌ಕೇಸಿನ ಚಕ್ರಗಳು ಅಂಗಡಿಯ ನೆಲದ ಮೇಲೆ ಚೆನ್ನಾಗಿ ಓಡುತ್ತವೆ, ಇಲ್ಲಿನ ಕಲ್ಲುದಾರಿಯಲ್ಲಿ ಮುಷ್ಕರ ಹೂಡಿದವು. ಕೊನೆಗೆ ತಲೆಯ ಮೇಲೆ ಹೊತ್ತೆ. ಮೀಸೆ ಮೂಡುವ ವಯಸ್ಸಿನಲ್ಲಿ ಇದೇ ದಾರಿಯಲ್ಲಿ ಟ್ರಂಕು ಹೊತ್ತು ಹೋದವನು, ಬಸ್ಸುಗಳಲ್ಲಿ ಬಾಚಣಿಗೆ ಮಾರಿ, ಪಾತ್ರೆ ಅಂಗಡಿ ಇಟ್ಟು, ಅದರ ಪಕ್ಕದಲ್ಲಿ ಇನ್ನೊಂದು ಇಟ್ಟು, ಕೂದಲು ಉದುರಿಸಿಕೊಂಡು, ಈಗ ಸೂಟ್‌ಕೇಸು ಹೊತ್ತು ವಾಪಸು ಬಂದೆ. ಏಳಿಗೆ ಎನ್ನುವುದು ಇದಕ್ಕೇ ಇರಬೇಕು.

ಭಾವ ತೀರಿಕೊಂಡಾಗ ಬಂದು ಒಂದೇ ದಿನ ಇದ್ದು ಹೋದವನು, ಆಮೇಲೆ ಇವತ್ತೇ ಬರುತ್ತಿರುವುದು. ಊರು ಅಷ್ಟೇ ನಿಶ್ಶಬ್ದ. ಅಕ್ಕನ ಹಿಟ್ಟಿನ ಗಿರಣಿಯ ಸದ್ದೊಂದೇ ದೂರದಿಂದ ಕೇಳುತ್ತಿತ್ತು. ಅಕ್ಕನ ಮಣಿಕಟ್ಟು ಮುರಿದಿದೆ ಅಂತಲೇ ನಾನು ಬಂದದ್ದು. ಹಾಗಿದ್ದರೆ ಗಿರಣಿ ಓಡಿಸುತ್ತಿರುವವರು ಯಾರು ಎಂದುಕೊಳ್ಳುತ್ತ ನಡೆಯುತ್ತಿರುವಾಗಲೇ ಸದ್ದು ನಿಂತಿತು.

ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ತೋಳಿಗೆ ಹಿಟ್ಟು ಮೆತ್ತಿದ್ದ ಒಬ್ಬ ಅವಳ ಕೈಯ ತೂಗುಪಟ್ಟಿಯನ್ನು ಕೊರಳ ಹಿಂದೆ ಕಟ್ಟುತ್ತಿದ್ದ. ಗಂಟು ಹಾಕಿ, ಒಂದು ಬೆರಳು ತೂರಿಸಿ, ಬಿಗಿ ಎಷ್ಟಿದೆಯೆಂದು ನೋಡಿದ. ನಾನು ಅಂಗಳದಲ್ಲಿ ತಲೆಹೊರೆಯೊಂದಿಗೆ ನಿಂತೇ ಇದ್ದೆ.

"ಬಂದ್ಯೇನೋ? ತಲೆ ಮೇಲೆ ಏನದು, ವ್ಯಾಪಾರಕ್ಕೆ ಬಂದ್ಯಾ?" ಅಂದಳು ಅಕ್ಕ. ನಂತರ ಅವನ ಕಡೆ ತಿರುಗಿ, "ಇವನೇ ನನ್ನ ತಮ್ಮ," ಅಂದಳು.

"ಹ್ಞೂಂ," ಅಂದ ಅವನು.

"ಎದುರುಗಡೆ ಪಂಪು ರಿಪೇರಿ ಅಂಗಡಿ ಇವನದು. ಊರವರೆಲ್ಲ ಹ್ಞೂಂ ಅಂತಾನೇ ಕರಿಯೋದು. ಬೇರೆ ಮಾತು ಬಂದ್ರೆ ತಾನೆ?"

ಅವನು ನಕ್ಕ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಬರ್ತೀನಕ್ಕ," ಅಂದ.

ಅಕ್ಕ! ಯಾರೋ ನನ್ನ ಚಪ್ಪಲಿಯನ್ನು ಹಾಕಿಕೊಂಡು ನನ್ನ ಎದುರಿಗೇ ನಡೆದುಹೋದ ಹಾಗಾಯಿತು.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಎದ್ದವನೇ ಮನೆಯ ದಾಸ್ತಾನು ನೋಡಿದೆ. ಅಂಗಡಿಯವನ ಚಟ, ಬಿಡುವುದಿಲ್ಲ. ನಾನು ವರ್ಷವರ್ಷ ಕಳಿಸಿದ ಕುಕ್ಕರು, ಮಿಕ್ಸಿ, ಚಹದ ಫ್ಲಾಸ್ಕು, ಇಸ್ತ್ರಿಪೆಟ್ಟಿಗೆ, ಎಲ್ಲವೂ ಬೀರುವಿನ ಮೇಲೆ ಡಬ್ಬಿ ಒಡೆಯದೆ ಕೂತಿವೆ. ಅಂಟುಪಟ್ಟಿ ಕೂಡ ಕಿತ್ತಿಲ್ಲ. ಕೆಳಗೆ, ಹಳೆಯ ಪೈಪು ಬೆಸೆದು ಮಾಡಿದ ಒಂದು ಸ್ಟೂಲು. ಒಂದು ಕಾಲು ಗಿಡ್ಡ, ಅದಕ್ಕೆ ರಬ್ಬರಿನ ಬಿಲ್ಲೆ. ಅಕ್ಕ ಅದರ ಮೇಲೇ ಕೂರುತ್ತಾಳೆ, ಅದರ ಮೇಲೇ ತಟ್ಟೆ ಇಡುತ್ತಾಳೆ, ಅದರ ಮೇಲೇ ಯಾರನ್ನಾದರೂ ಹತ್ತಿಸಿ ಬಲ್ಬು ಹಾಕಿಸುತ್ತಾಳೆ.

"ಯಾರು ಮಾಡಿದ್ದು ಇದನ್ನ?"

"ಇನ್ಯಾರು, ಹ್ಞೂಂ."

ನನ್ನ ಅಂಗಡಿಯಲ್ಲಿ ಅಂಥ ಸ್ಟೂಲು ಇಟ್ಟರೆ ಗಿರಾಕಿಗಳು ನನ್ನ ಮೇಲೇ ಎಸೆಯುತ್ತಾರೆ.

ಬಂದ ಕೆಲಸವನ್ನು ಇವತ್ತೇ ಮಂಡಿಸಿದೆ. ನಮ್ಮ ಮನೆಯಲ್ಲಿ ಅವಳಿಗೆ ಕೋಣೆ ಸಿದ್ಧವಾಗಿದೆ. ಬೀದಿಗೆ ತೆರೆದ ಕಿಟಕಿ, ಒಳಗೇ ಸ್ನಾನದಮನೆ, ಹೊಸ ಮಂಚ. ಗಿರಣಿ ಮುಚ್ಚಿ ನನ್ನ ಜೊತೆ ಬಂದುಬಿಡಲಿ. ನನ್ನನ್ನು ಎತ್ತಿ ಬೆಳೆಸಿದವಳು, ಇನ್ನು ಕೂತು ತಿನ್ನಲಿ. ನನಗೆ ಬೇರೆ ಆಸೆ ಇಲ್ಲ. ನಾನು ಅಷ್ಟು ಚೆನ್ನಾಗಿ ಮಾತಾಡಿದ್ದಕ್ಕೆ ಬೇರೆ ಯಾರಾದರೂ ಆಗಿದ್ದರೆ ಎರಡು ಕೋಣೆ ತೆಗೆದುಕೊಳ್ಳುತ್ತಿದ್ದರು.

ಅಕ್ಕ ಎಡಗೈಯಲ್ಲಿ ಟೀ ಲೋಟ ತಿರುಗಿಸುತ್ತ ಕೂತಿದ್ದು, "ಪ್ಲಾಸ್ಟರ್ ಬಿಚ್ಚಲಿ. ಆಮೇಲೆ ಹೇಳ್ತೀನಿ," ಅಂದಳು.

ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಾನೆ. ನೋಡಿಕೊಳ್ಳುವುದು ಎಂದರೆ ಏನೆಂದು ಅವನಿಗೂ ಗೊತ್ತಾಗಲಿ.

ಫೆಬ್ರವರಿ 14, ಶುಕ್ರವಾರ

ಗಿರಣಿಯಲ್ಲಿ ಇಡೀ ದಿನ ಕೂತು ನೋಡಿದೆ. ಅಕ್ಕ ಬಾಗಿಲಲ್ಲಿ ಆ ಸ್ಟೂಲಿನ ಮೇಲೆ, ಹ್ಞೂಂ ಯಂತ್ರದ ಹತ್ತಿರ. ತನ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಇಲ್ಲಿ ದುಡಿಯುತ್ತಾನೆ. ಬಿಟ್ಟಿ ದುಡಿಯುವವನನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ಜನ ಡಬ್ಬ, ಚೀಲ ತಂದು ಕಟ್ಟೆಯ ಮೇಲಿಟ್ಟು ಹೋಗಿಬಿಡುತ್ತಾರೆ. ಯಾವುದು ಯಾರದ್ದು ಅಂತ ಚೀಟಿಯಿಲ್ಲ. ಯಾರು ಮೊದಲು ಬಂದರು ಅಂತ ಕೇಳುವುದೂ ಇಲ್ಲ. ಹ್ಞೂಂ ಒಂದು ಡಬ್ಬದ ಮುಚ್ಚಳ ತೆಗೆದು ನೋಡಿ ಹಿಂದಕ್ಕೆ ತಳ್ಳುತ್ತಾನೆ, ಇನ್ನೊಂದನ್ನು ಮುಂದಕ್ಕೆ ಎಳೆಯುತ್ತಾನೆ. ಬೆಳಿಗ್ಗೆಯೇ ಬಂದವರ ಚೀಲ ಮಧ್ಯಾಹ್ನದವರೆಗೂ ಬಿದ್ದಿರುತ್ತದೆ. ನನ್ನ ಅಂಗಡಿಯಲ್ಲಿ ಹೀಗೆ ಮಾಡಿದರೆ ಹೊಡೆದಾಟವಾಗುತ್ತದೆ. ಇಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ.

ಕಲ್ಲುಗಳ ನಡುವಿನ ಸಂದು ಹೆಚ್ಚುಕಮ್ಮಿ ಮಾಡಲು ಬದಿಯಲ್ಲಿ ಒಂದು ಕಬ್ಬಿಣದ ಚಕ್ರವಿದೆ. ಅಕ್ಕ ಬಾಗಿಲಲ್ಲಿ ಕೂತೇ ಕಣ್ಣು ಮುಚ್ಚಿ ಸದ್ದು ಕೇಳುತ್ತಾಳೆ. "ಬಿಗಿಯಾಯ್ತು," ಅನ್ನುತ್ತಾಳೆ. ಅವನು "ಹ್ಞೂಂ" ಅಂದು ಚಕ್ರವನ್ನು ಒಂದಿಷ್ಟು ಸಡಿಲ ಬಿಡುತ್ತಾನೆ. ಹಿಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿ ಅವಳಿಗೆ ತೋರಿಸುತ್ತಾನೆ. ಇಬ್ಬರೂ ತಲೆಯಾಡಿಸುತ್ತಾರೆ.

"ಹಿಟ್ಟಿಗೆ ಮೈಬಿಸಿ ಇರ್ಬೇಕು, ಜ್ವರ ಬರಬಾರದು," ಅಂದಳು ಅಕ್ಕ, ನನಗೆ ತಿಳಿಯಲೆಂದು.

ನಾನು ಮಧ್ಯಾಹ್ನವೆಲ್ಲ ಮಾತಾಡಿದೆ. ಒಳ್ಳೊಳ್ಳೆಯ ಕಥೆಗಳನ್ನೇ ಹೇಳಿದೆ. ಅವಳು ಕೇಳುತ್ತಿದ್ದದ್ದು ಕಲ್ಲಿನ ಸದ್ದನ್ನು.

ಫೆಬ್ರವರಿ 18, ಮಂಗಳವಾರ

ಪಕ್ಕದ ಮನೆಯ ಮುದುಕಿಯನ್ನು ಇಡೀ ಊರು ಅತ್ತೆ ಅನ್ನುತ್ತದೆ. ಸಿಕ್ಕಾಗ "ಚೆನ್ನಾಗಿದ್ದೀರಾ?" ಅಂತ ನನ್ನನ್ನು ಬಹುವಚನದಲ್ಲಿ ಕೇಳಿದಳು. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿದ ಕೈ ಅದು. ನಂತರ ಹ್ಞೂಂ ಪುರಾಣ ಶುರುವಾಯಿತು. ಅವಳ ಪಂಪು ಸರಿಮಾಡಿದ್ದು ಅವನು, ಬಾಗಿಲ ಚಿಲಕ ಅವನು. ಅಕ್ಕ ಬಿದ್ದ ದಿನ ಎತ್ತಿಕೊಂಡು ಕೂಡುರಸ್ತೆವರೆಗೆ ಓಡಿದ್ದೂ ಅವನೇ.

"ಎತ್ತಿಕೊಂಡಾ?"

"ಮಗು ಎತ್ತಿಕೊಂಡ ಹಂಗೆ."

ಈ ಮಾಹಿತಿ ನನಗೆ ಬೇಕಿರಲಿಲ್ಲ.

ಫೆಬ್ರವರಿ 25, ಮಂಗಳವಾರ

ತೀರ್ಮಾನಿಸಿದೆ. ಗಿರಣಿಯನ್ನು ಒಂದು ದಿನ ನಾನು ನಡೆಸುತ್ತೇನೆ. ಮಾತು ಬರುವವನು, ಗಿರಾಕಿಯ ಮುಖ ನೋಡಿ ಜೇಬು ಅಳೆಯುವವನು, ಒಂದು ಕಲ್ಲನ್ನು ತಿರುಗಿಸಲಾರೆನೇ? ಅಕ್ಕ ನೋಡಲಿ. ಊರೂ ನೋಡಲಿ.

ಸಂಜೆ ಹ್ಞೂಂ ಬೀಗದ ಕೈ ಕೊಡಲು ಬಂದಾಗ ಹೇಳಿದೆ: "ನಾಳೆ ನೀವು ನಿಮ್ಮ ಅಂಗಡಿ ನೋಡ್ಕೊಳ್ಳಿ. ಇಲ್ಲಿ ನಾನಿರ್ತೀನಿ."

ಅವನು ನಿಂತೇ ಇದ್ದ. ಬಾಯಿ ತೆರೆದ. "ನಾಳೆ ಬುಧವಾರ. ಮೆಣಸಿನಕಾಯಿ..."

"ನನಗೆ ಗೊತ್ತು," ಅಂದೆ. ಅಪರೂಪಕ್ಕೆ ಬಾಯಿಬಿಟ್ಟವನ ಮಾತನ್ನು ಅರ್ಧಕ್ಕೇ ಕತ್ತರಿಸಿದಾಗ ಎಂಥ ಸುಖ!

"ಹ್ಞೂಂ," ಅಂದು ಹೋದ.

ರಟ್ಟು ಕತ್ತರಿಸಿ ನಂಬರಿನ ಚೀಟಿಗಳನ್ನು ಮಾಡಿಟ್ಟಿದ್ದೇನೆ. ಮೊದಲು ಬಂದವರಿಗೆ ಮೊದಲು. ಅಕ್ಕನಿಗೆ ಹೇಳಿಲ್ಲ. ಅವಳು ನಾಳೆ ಕೈ ತೋರಿಸಲು ಆಸ್ಪತ್ರೆಗೆ ಹೋಗುತ್ತಾಳೆ. ಅತ್ತೆಯ ಸೊಸೆ ಜೊತೆಗಿರುತ್ತಾಳೆ. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಫೆಬ್ರವರಿ 26, ಬುಧವಾರ

ಅದ್ಭುತ ದಿನ! ಬೆಳಕು ಹರಿಯುವ ಮುಂಚೆಯೇ ಅತ್ತೆಯ ಡಬ್ಬ ಬಂತು, ಒಣ ಮೆಣಸಿನಕಾಯಿ. ಒಂದನೇ ನಂಬರು ಅವಳಿಗೆ. "ಇದೆಲ್ಲ ಯಾಕೆ?" ಅಂತ ಚೀಟಿಯನ್ನು ಹಿಂದುಮುಂದು ನೋಡಿ ಸೆರಗಿಗೆ ಸಿಕ್ಕಿಸಿಕೊಂಡು ಹೋದಳು. ನಂತರ ಗೋಧಿ, ಜೋಳ, ಮತ್ತೆ ಗೋಧಿ, ಅಕ್ಕಿ. ಯಾರ ಡಬ್ಬವನ್ನೂ ಹಿಂದೆ ತಳ್ಳಲಿಲ್ಲ. ನಂಬರಿನ ಪ್ರಕಾರ ಸುರಿದೆ, ಓಡಿಸಿದೆ, ತುಂಬಿಸಿದೆ. ಒಂದಿಷ್ಟು ಸೀನು ಬಂತು, ಅದು ಹೊಸಬನ ಮೂಗು. ಮಧ್ಯಾಹ್ನಕ್ಕೇ ಕಟ್ಟೆ ಖಾಲಿ! ಹ್ಞೂಂಗೆ ಸಂಜೆಯಾಗುತ್ತದೆ.

ಅವನು ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಎರಡು ಸಲ ಇತ್ತ ನೋಡಿದ. ನಾನು ಕೈಬೀಸಿದೆ.

ಮನೆಯವಳಿಗೆ ಫೋನು ಮಾಡಿ ವರದಿ ಒಪ್ಪಿಸಿದೆ. "ಅಲ್ಲೇ ಕೆಲಸ ಕೇಳಿ," ಅಂದಳು. ಅವಳಿಗೆ ಯಾವಾಗಲೂ ತಮಾಷೆ.

ಫೆಬ್ರವರಿ 27, ಗುರುವಾರ

ಬರೆಯಬಾರದು ಅಂದುಕೊಂಡಿದ್ದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಎಲ್ಲರ ಕೈಯಲ್ಲೂ ಡಬ್ಬ. ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು, ದುಃಖದಿಂದಲ್ಲ. ಮುಂದೆ ನಿಂತಿದ್ದ ಮೇಷ್ಟ್ರು, "ರೊಟ್ಟಿ ಬಾಯಿಗಿಟ್ಟೆ, ನೀರು ಕುಡಿದೆ, ಮತ್ತೆ ಕುಡಿದೆ. ನನ್ನ ಹೆಂಡ್ತಿ ನನ್ನ ಮೇಲಿನ ಸಿಟ್ಟಿಗೆ ಮಾಡಿದಾಳೆ ಅಂತ ಜಗಳಾನೂ ಆಡ್ಬಿಟ್ಟೆ!" ಅಂದರು.

"ನಮ್ಮನೇಲಿ ಮಗು ಗಂಜಿ ಉಗಿದು ನನ್ನ ಮುಖಾನೇ ನೋಡ್ತು," ಅಂದಳೊಬ್ಬಳು.

ಮೆಣಸಿನಕಾಯಿಗೆ ಇಲ್ಲಿ ಸರದಿಯೇ ಇಲ್ಲ. ಯಾವಾಗ ತಂದಿಟ್ಟರೂ ಅದು ಬುಧವಾರ ಸಂಜೆ, ಎಲ್ಲ ಧಾನ್ಯ ಮುಗಿದ ಮೇಲೆ, ಕಟ್ಟಕಡೆಗೆ. ಆಮೇಲೆ ಎರಡು ಸಲ ತೌಡು ಹಾಕಿ ಓಡಿಸಿ ಕಲ್ಲಿನ ಖಾರ ತೆಗೆಯಬೇಕು. ಇರುವುದು ಒಂದೇ ಯಂತ್ರ. ಧಾನ್ಯಗಳಿಗೂ ಹೀಗೇ ಒಂದು ಕ್ರಮವಿದೆ, ಡಬ್ಬಗಳನ್ನು ಹಿಂದೆ ಮುಂದೆ ತಳ್ಳುತ್ತಿದ್ದದ್ದು ಅದಕ್ಕೆ. ಊರಿಗೆಲ್ಲ ಗೊತ್ತಿರುವುದರಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬ ಹೇಳಲು ಬಂದಿದ್ದ.

ಅತ್ತೆ ಜನರನ್ನು ಸೀಳಿಕೊಂಡು ಬಂದು, ಒಂದನೇ ನಂಬರಿನ ಚೀಟಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಲೋ ಗಿಳಿ! ಗಿಳಿ ಮೆಣಸಿನಕಾಯಿ ತಿನ್ನೋದು ನೋಡಿದ್ದೆ ಕಣೋ. ಊರಿಗೇ ತಿನ್ಸೋದನ್ನ ಇವತ್ತು ನೋಡಿದೆ!"

ಗಿಳಿ. ಬಾಯಿ ಮುಚ್ಚದ ಹುಡುಗನಿಗೆ ಈ ಊರು ಇಟ್ಟಿದ್ದ ಹೆಸರು. ಅದನ್ನು ಕೇಳಿ ಎಷ್ಟು ವರ್ಷವಾಗಿತ್ತು! ಅಂಗಳವೆಲ್ಲ ನಕ್ಕಿತು. ಅಕ್ಕ ಬಾಗಿಲಿಗೆ ಒರಗಿ, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ನಾನು ಬಂದಾಗಿನಿಂದ ಹೇಳಿದ ಯಾವ ಕಥೆಗೂ ಅವಳು ಅಷ್ಟು ನಕ್ಕಿರಲಿಲ್ಲ.

ಆಗ ಹ್ಞೂಂ ತೌಡಿನ ಚೀಲ ಹೊತ್ತು ಬಂದ. ಎಲ್ಲರ ಎದುರಿಗೆ ನಿಂತು, ನೆಲ ನೋಡುತ್ತ ಹೇಳಿದ: "ತಪ್ಪು ನಂದು. ಇವರಿಗೆ ಹೇಳೋದು ಮರ್ತೆ."

ಶುದ್ಧ ಸುಳ್ಳು. ಆದರೆ ಜನ ಮೆತ್ತಗಾದರು. "ಹೋಗ್ಲಿ ಬಿಡು ಹ್ಞೂಂ, ನಿನಗೂ ಎಷ್ಟು ಕೆಲಸ," ಅಂದರು. ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಅಕ್ಕನನ್ನು ತೆಗೆದುಕೊಂಡ, ಊರನ್ನು ತೆಗೆದುಕೊಂಡ. ನಾನು ಇಲ್ಲಿ ಸ್ವಂತವಾಗಿ ಸಂಪಾದಿಸಿದ್ದು ಇದೊಂದು ತಪ್ಪು. ಅದನ್ನೂ ಕಿತ್ತುಕೊಂಡನಲ್ಲ!

ಮಾರ್ಚ್ 1, ಶನಿವಾರ

ಎರಡು ದಿನದಿಂದ ಮನೆಮನೆಯ ಹಿಟ್ಟು ಬದಲಿಸಿ ಕೊಡುವ ಕೆಲಸ. ಅವನು ಸುರಿಯುತ್ತಾನೆ, ನಾನು ಕೆಳಗೆ ಹಿಟ್ಟು ಇಳಿಯುವ ಬಟ್ಟೆಯ ತೋಳು ಹಿಡಿದು ಡಬ್ಬ ತುಂಬಿಸುತ್ತೇನೆ. ಯಾರೂ ಈಗ ನನಗೆ ಬಹುವಚನ ಹಾಕುವುದಿಲ್ಲ. "ಗಿಳಿ, ನಮ್ದು ಖಾರ ಇಲ್ದೆ ಇರ್ಲಪ್ಪ" ಅಂತ ಡಬ್ಬ ಇಟ್ಟು ಹೋಗುತ್ತಾರೆ. ಇಷ್ಟು ಅವಮಾನ ನನಗೆ ಬಾಚಣಿಗೆ ಮಾರುವಾಗಲೂ ಆಗಿರಲಿಲ್ಲ. ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬರುತ್ತದೆ.

ಮಾರ್ಚ್ 4, ಮಂಗಳವಾರ

ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಸಡಿಲವಿದ್ದರೆ ಕಲ್ಲು ಗೊಣಗುತ್ತದೆ. ಸರಿಯಿದ್ದರೆ ಒಂದೇ ಸಮನೆ ಗುಂಯ್‌ ಅನ್ನುತ್ತದೆ. ಬಿಗಿಯಾದರೆ ಆ ಗುಂಯ್ ಒಳಗೊಂದು ಸಣ್ಣ ಸಿಡುಕು. ಇವತ್ತು ಸಿಡುಕು ಕೇಳಿಸಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಕೈ ಚಕ್ರದ ಮೇಲಿತ್ತು. ನನಗಿಂತ ಮೊದಲು ಕೇಳಿಸಿಕೊಂಡಿದ್ದ.

ನಾಳೆ ಯಂತ್ರಕ್ಕೆ ಇನ್ನೂ ಹತ್ತಿರ ಕೂರಬೇಕು.

ಮಾರ್ಚ್ 9, ಭಾನುವಾರ

ಗಿರಣಿಗೆ ರಜೆ. ಹ್ಞೂಂ ಬೆಲ್ಟು ಬಿಚ್ಚಿ ಒರೆಸುತ್ತಿದ್ದ. ನಾನು ನೇರವಾಗಿ ಕೇಳಿದೆ, ವ್ಯಾಪಾರದಲ್ಲಿ ಕೇಳುವ ಹಾಗೆ: "ಅಕ್ಕ ನನ್ನ ಜೊತೆ ಬಂದ್ರೆ ಗಿರಣಿ ನೀವೇ ಇಟ್ಕೊಳ್ತೀರಾ?"

"ಇಲ್ಲ."

"ಯಾಕೆ? ಒಳ್ಳೆ ಗಿರಾಕಿ ಇದೆ."

ಅವನು ಬೆಲ್ಟು ಒರೆಸುವುದನ್ನು ನಿಲ್ಲಿಸಲಿಲ್ಲ. "ಅಕ್ಕ ಇಲ್ದಿದ್ರೆ ಇದು ಬರೀ ಸದ್ದು." ಅದನ್ನು ಮಗುಚಿ ಹಾಕಿ, ಸಾಲ ತೀರಿಸುವವನ ಹಾಗೆ ಕಷ್ಟಪಟ್ಟು ಇನ್ನೊಂದು ಮಾತು ಸೇರಿಸಿದ: "ನಾನು ಈ ಊರಿಗೆ ಬಂದಾಗಿಂದ ನಿಮ್ಮ ಸುದ್ದಿಯೇ. ನನ್ನ ತಮ್ಮ ಹಿಂಗಂದ, ನನ್ನ ತಮ್ಮ ಹಂಗಂದ. ನಾನು ಇನ್ನೇನು ಹೇಳಲಿ, ಹ್ಞೂಂ ಅಂತಿದ್ದೆ."

ಊಟದ ಹೊತ್ತಾಯಿತು ಎಂದು ನಾನು ಎದ್ದುಬಂದೆ. ಇನ್ನೂ ಆಗಿರಲಿಲ್ಲ.

ಸಂಜೆ ಅಕ್ಕನನ್ನು ಕೇಳಿದೆ, ಬೀರುವಿನ ಮೇಲಿನ ಡಬ್ಬಿಗಳನ್ನು ಯಾಕೆ ಒಡೆದಿಲ್ಲ ಅಂತ.

"ನೀನು ಬಂದಾಗ ಒಟ್ಟಿಗೆ ಒಡೆಯೋಣ ಅಂತ ಇಟ್ಟಿದ್ದೆ," ಅಂದಳು. "ಬಂದು ತಿಂಗಳಾಗ್ತಾ ಬಂತು, ನೀನೂ ಕೇಳ್ಲಿಲ್ಲ, ಬರೀ ಮೇಲೆ ನೋಡಿ ಮುಖ ಊದಿಸ್ತಿದ್ದೆ."

ಫ್ಲಾಸ್ಕಿನ ಡಬ್ಬಿ ಒಡೆದೆವು. ಮುಚ್ಚಳ ಸೋರುತ್ತದೆ. ನನ್ನ ಅಂಗಡಿಯ ಮಾಲು! ಹ್ಞೂಂ ಒಂದು ರಬ್ಬರಿನ ಬಿಲ್ಲೆ ಕತ್ತರಿಸಿ ಹಾಕಿದ. ಈಗ ಸೋರುವುದಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಮಾರ್ಚ್ 14, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕೈ ಬೆಳ್ಳಗೆ, ಸಣ್ಣಗೆ, ಬೇರೆ ಯಾರದೋ ಕೈಯಂತಿತ್ತು. ಅಕ್ಕ ಮನೆಗೂ ಹೋಗದೆ ನೇರವಾಗಿ ಗಿರಣಿಗೆ ಬಂದಳು. ನಾವಿಬ್ಬರೂ ಹಿಂದೆ ಹಿಂದೆ.

ಹ್ಞೂಂ ಗುಂಡಿ ಒತ್ತಿದ. ಗೋಧಿ ಸುರಿದೆವು. ಅವಳು ಎಡ ಅಂಗೈಯನ್ನು ಯಂತ್ರದ ಮೈಮೇಲಿಟ್ಟು ಕೇಳಿಸಿಕೊಂಡಳು. ಬಲಗೈಯಿಂದ ಚಕ್ರ ಹಿಡಿದಳು. ಬೆರಳು ಮುಚ್ಚಿದವು, ಚಕ್ರ ಅಲ್ಲಾಡಲಿಲ್ಲ. ಇನ್ನೊಮ್ಮೆ ಹಿಡಿದಳು. ಆಗಲಿಲ್ಲ.

ಹ್ಞೂಂನ ಕೈ ಆಗಲೇ ಮುಂದೆ ಬಂದಿತ್ತು.

"ಗಿಳಿ," ಅಂದಳು ಅಕ್ಕ, ತಿರುಗದೆ. "ಬಾ ಇಲ್ಲಿ. ಸ್ವಲ್ಪ ಬಿಡು."

ಇದಕ್ಕೇ ತಾನೇ ನಾನು ಇಷ್ಟು ದಿನ ಇದ್ದದ್ದು! ಇಬ್ಬರೂ ಇದ್ದೆವು, ಅವಳು ನನ್ನನ್ನು ಕರೆದಳು. ಹ್ಞೂಂ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದಕ್ಕೆ ಬೇರೇನೋ ಕೆಲಸವಿದ್ದ ಹಾಗೆ ಪ್ಯಾಂಟಿಗೆ ಒರೆಸಿದ. ಅವನ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಗಡ್ಡ ಹೆರೆಯುವಾಗ ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದೇನೆ.

ಚಕ್ರ ಹಿಡಿದೆ. ಕೈ ಜಾರಿತು.

"ಬರ್ತಿಲ್ಲ ಅಕ್ಕ, ತುಂಬ ಬಿಗಿ ಇದೆ. ಇವರೇ ಬರಲಿ."

ಹ್ಞೂಂ ಬಂದು ಎರಡು ಬೆರಳಿನಲ್ಲಿ ತಿರುಗಿಸಿದ. ಕಲ್ಲಿನ ಸಿಡುಕು ನಿಂತಿತು.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಬಾಚಣಿಗೆ ಮಾರುವಾಗ್ಲೂ ಇದೇ ಮುಖ ಇಟ್ಕೊಂಡಿದ್ಯೇನೋ?"

ಕೈ ಬೆವೆತಿತ್ತು, ಅದಕ್ಕೆ ಜಾರಿತು. ಬೆಳಿಗ್ಗೆ ಆ ಚಕ್ರಕ್ಕೆ ನಾನೇ ಎಣ್ಣೆ ಬಿಟ್ಟಿದ್ದೆ, ಅದರಿಂದಲೂ ಇರಬಹುದು. ಅಷ್ಟೇ ವಿಷಯ.

ಮಾರ್ಚ್ 15, ಶನಿವಾರ

ಅವಳ ಉತ್ತರ ಟೀ ಕುಡಿಯುವಾಗ ಬಂತು. "ಈ ಕೈ ಸರಿಯಾಗೋ ತನಕ ಬರಕ್ಕಾಗಲ್ಲ ಕಣೋ."

"ಯಾವಾಗ ಸರಿಯಾಗುತ್ತೆ?"

"ನೀನು ಬಂದು ನೋಡ್ತಾ ಇರು."

ಕೋಣೆ, ಕಿಟಕಿ, ಮಂಚ, ಎಲ್ಲವನ್ನೂ ಮತ್ತೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಕೂಡುರಸ್ತೆವರೆಗೆ ಸೂಟ್‌ಕೇಸನ್ನು ಹ್ಞೂಂ ಹೊತ್ತ. ಬೇಡವೆಂದರೂ ಬಿಡಲಿಲ್ಲ. ಬಸ್ಸು ಬರುವವರೆಗೆ ಇಬ್ಬರೂ ನಿಂತಿದ್ದೆವು. ನಾನು ಬಸ್ಸು ಹತ್ತುವಾಗ, "ಬರ್ತೀರಲ್ಲಣ್ಣ?" ಅಂದ.

ಮಾರ್ಚ್ 26, ಬುಧವಾರ

ಅಂಗಡಿಯಲ್ಲಿ ಅಳಿಯ ಎಲ್ಲವನ್ನೂ ಬೇರೆ ಬೇರೆ ಕಡೆ ಇಟ್ಟಿದ್ದಾನೆ. ವ್ಯಾಪಾರವೇನೂ ಕೆಟ್ಟಿಲ್ಲ. ಬೈಯಲು ಮನಸ್ಸು ಬರಲಿಲ್ಲ. ಹುಷಾರಿಲ್ಲವೇ ಅಂತ ಮನೆಯವಳು ಹಣೆ ಮುಟ್ಟಿ ನೋಡಿದಳು.

ಸಂಜೆ ಹ್ಞೂಂಗೆ ಫೋನು ಮಾಡಿದೆ. ಇವತ್ತು ಬುಧವಾರ, ಮರೆತಿರಬಹುದು ಅಂತ.

"ಮೆಣಸಿನಕಾಯಿ ಕೊನೆಗೆ ತಾನೆ?"

"ಹ್ಞೂಂ."

"ಆಮೇಲೆ ತೌಡು?"

"ಹ್ಞೂಂ."

ಅವನ ದನಿಯ ಹಿಂದೆ ಗಿರಣಿ ಓಡುವುದು ಕೇಳುತ್ತಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಣ್ಣು ಮುಚ್ಚಿದೆ. ಆ ಗುಂಯ್ ಒಳಗೆ, ತೀರ ಸಣ್ಣಗೆ, ಸಿಡುಕು.

"ಕಲ್ಲು ಬಿಗಿಯಾಗಿದೆ," ಅಂದೆ.

ದೂರದಿಂದ ಅಕ್ಕನ ದನಿ ಬಂತು. "ಯಾರೋ ಅದು, ಗಿಳೀನಾ? ಏನಂತೆ?" ಹ್ಞೂಂ ಏನೋ ಹೇಳಿದ. ಆಮೇಲೆ ಅವಳು ಜೋರಾಗಿ ಕೂಗಿದ್ದು ನನಗೇ ನೇರ ಕೇಳಿಸಿತು: "ಅಯ್ಯೋ, ಸರಿಯಾಗೇ ಹೇಳ್ತಿದ್ದಾನಲ್ಲೋ! ಬಿಡು, ಸ್ವಲ್ಪ ಬಿಡು!"

"ಹ್ಞೂಂ" ಬಂತು, ಸ್ವಲ್ಪ ತಡವಾಗಿ.

ಆ ತಡ ನನಗೆ ಬಹಳ ಹಿಡಿಸಿತು.